ಹನ್ನೊಂದು ಗಂಟೆಯ ಚಟಕ್ಕೆ ಬೆಳಗಿನ ಜಪ ಸಾಲದು

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಾಲೇಜಿನ ದಿನಗಳಿಂದ ನನಗೆ ಗುಟ್ಕಾ ಚಟ. ಯೋಗ ಶಿಬಿರಕ್ಕೆ ಹೋಗಿ ಬಂದ ಮೇಲೆ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು 108 ಓಂಕಾರ ಹೇಳುತ್ತಿದ್ದೆ. ಒಂದೂವರೆ ತಿಂಗಳು ಗುಟ್ಕಾ ಮುಟ್ಟಲಿಲ್ಲ. ಯುಗಾದಿ ಕಳೆದ ಮೇಲೆ ಮತ್ತೆ ಶುರುವಾಯಿತು. ಗುಟ್ಟಿನ ಮಂತ್ರ ತಗೊಳ್ಳದೆ ಫಲ ಇಲ್ಲ ಅಂತ ಸ್ನೇಹಿತರೊಬ್ಬರು 11,000 ರೂಪಾಯಿಯ ಕೋರ್ಸಿನ ಕರಪತ್ರ ಕೊಟ್ಟಿದ್ದಾರೆ. ಮನೆಯವಳು ಡಾಕ್ಟರ ಹತ್ತಿರ ನಡೀರಿ ಅಂತಾಳೆ. ಮಂತ್ರಧ್ಯಾನದಿಂದ ಚಟ ನಿಜವಾಗಿ ಹೋಗುತ್ತದೆಯೇ? ಹೋಗುವುದಾದರೆ ಯಾವ ಮಂತ್ರ?
(ಹೆಸರು ಬೇಡವೆಂದ ಓದುಗರು, ಗದಗ ಜಿಲ್ಲೆ)

ಸಂಪಾದಕರ ಉತ್ತರ: ಮೊದಲು ನಿಮ್ಮ ಮನೆಯವರ ಮಾತು ಮುಗಿಸಿಬಿಡೋಣ. ಅವರು ಹೇಳಿದ್ದು ಸರಿ. ತಂಬಾಕಿನ ನಿಕೋಟಿನ್ ಮೈಗೇ ಹತ್ತುವ ಚಟ. ಬಿಟ್ಟ ಮೊದಲ ಕೆಲವು ದಿನ ಜೋರಾಗಿ ಕಾಡುತ್ತದೆ, ಅದಕ್ಕೆ ಔಷಧಿ ಇದೆ. ಬಾಯಲ್ಲಿ ಬಿಳಿ ಮಚ್ಚೆ ಇದ್ದರೆ, ಹುಣ್ಣು ವಾಸಿಯಾಗದೇ ಇದ್ದರೆ, ಬಾಯಿ ಅಗಲಿಸಲು ಬಿಗಿ ಅನ್ನಿಸಿದರೆ ನಾಳೆ ಅನ್ನಬೇಡಿ, ಇವತ್ತೇ ಹೋಗಿ ತೋರಿಸಿ. ತಂಬಾಕು ಬಿಡುವವರಿಗೆ 1800-11-2356 ಅಂತ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ. ಆಯ್ತಲ್ಲ? ಇನ್ನು ಜಪದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಸುಮ್ನಿರಲು ಆಗಲಿಲ್ಲ.

ಜಪ ಕೈಕೊಟ್ಟಿತು ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಯೋಗಸೂತ್ರದ ಮೊದಲ ಪಾದ ತೆಗೆದು ನೋಡಿ. ಓಂಕಾರವನ್ನು ಅರ್ಥ ನೆನೆಯುತ್ತಾ ಜಪಿಸಬೇಕು, ಅದರಿಂದ ಅಡ್ಡಿಗಳು ಹೋಗುತ್ತವೆ ಅಂತ ಹೇಳಿದ ಪತಂಜಲಿ, ಮರುಸೂತ್ರದಲ್ಲೇ ಆ ಅಡ್ಡಿಗಳನ್ನು ಪಟ್ಟಿ ಮಾಡುತ್ತಾರೆ. ಒಟ್ಟು 9. ಮೊದಲನೆಯದು ಕಾಯಿಲೆ (ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ, ಖುಷಿಪಡುತ್ತಾರೆ). ಆಮೇಲೆ ಮನಸ್ಸಿನ ಜಡ್ಡು, ಸಂಶಯ, ಮೈಮರೆವು, ಸೋಮಾರಿತನ, ಆಸೆ ಬಿಡಲಾಗದ್ದು, ಭ್ರಮೆ, ಎಷ್ಟು ಮಾಡಿದರೂ ಮೆಟ್ಟಿಲು ಸಿಗದಿರುವುದು. ಕೊನೆಯದು ಯಾವುದು ಗೊತ್ತೇ? ಸಿಕ್ಕ ಮೆಟ್ಟಿಲ ಮೇಲೆ ನಿಲ್ಲಲಾಗದೆ ಜಾರುವುದು. ಅಂದರೆ ಯುಗಾದಿ ಕಳೆದ ಮೇಲೆ ನಿಮಗೆ ಆದದ್ದು. ಇದು ದಾರಿಯಲ್ಲಿ ಬಂದೇ ಬರುತ್ತದೆ ಅಂತ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆಯೇ ಒಬ್ಬರು ಬರೆದಿಟ್ಟಿದ್ದಾರೆ. ನೀವು ನೋಡಿದರೆ ಹೊಸ ಅವಮಾನ ಆದವರ ಹಾಗೆ ಕೂತಿದ್ದೀರಿ.

ಅದರ ಮುಂದಿನ ಸೂತ್ರ ಇನ್ನೂ ಸೊಗಸಾಗಿದೆ. ಈ ಅಡ್ಡಿಗಳ ಜೊತೆ ಏನೇನು ಬರುತ್ತದೆ ಅಂದರೆ ಸಂಕಟ, ಮನಸ್ಸು ಕೆಡುವುದು, ಮೈ ನಡುಗುವುದು, ಉಸಿರು ಏರುಪೇರಾಗುವುದು. ಚಟ ಬಿಟ್ಟ ಯಾರನ್ನಾದರೂ ಕೇಳಿ, ಮೂರನೇ ದಿನ ಹೇಗಿತ್ತು ಅಂತ. ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ.

ಈಗ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜಪ ಬೆಳಿಗ್ಗೆ ಆರಕ್ಕೆ, ಚಾಪೆ ಮೇಲೆ, ಊದಿನಕಡ್ಡಿ ಹೊಗೆಯಲ್ಲಿ. ಗುಟ್ಕಾದ ಆಸೆ ಬರುವುದು ಹನ್ನೊಂದಕ್ಕೆ, ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ. ಎರಡೂ ಭೇಟಿಯಾಗುವುದು ಯಾವಾಗ ಸ್ವಾಮಿ? ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಏನಾಯಿತು ನಿಮಗೇ ಗೊತ್ತು. ಪಾನ್ ಮಸಾಲೆಯದು ಒಂದು ಪೊಟ್ಟಣ, ತಂಬಾಕಿನದು ಇನ್ನೊಂದು. ಒಂದನ್ನು ಹಲ್ಲಲ್ಲಿ ಹರಿದು, ಇನ್ನೊಂದನ್ನೂ ಹರಿದು, ಇದನ್ನು ಅದಕ್ಕೆ ಸುರಿದು, ಪೊಟ್ಟಣದ ಬಾಯಿ ಹಿಡಿದು ಕುಲುಕಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ. ಜಪ ಬೇಕಾದದ್ದು ಆ ಮೊದಲ ಪೊಟ್ಟಣಕ್ಕೂ ಎರಡನೆಯದಕ್ಕೂ ನಡುವೆ. ಆ ಹಂಬಲದ ಅಲೆ ತಾನಾಗಿ ಇಳಿಯಲು ಸಾಮಾನ್ಯವಾಗಿ ಕೆಲವು ನಿಮಿಷ ಸಾಕು. ಅಷ್ಟು ಹೊತ್ತು ನಾಲಿಗೆಗೆ ಬೇರೆ ಕೆಲಸ ಕೊಡುವುದು, ಅಷ್ಟೇ.

ನಾನು ಕೆಲಸ ಕಲಿತ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರಿದ್ದರು, ದಿನಕ್ಕೆರಡು ಕಟ್ಟು ಬೀಡಿ. ಬಿಡಬೇಕು ಅನ್ನಿಸಿದಾಗ ಅವರು ಮಾಡಿದ್ದು ಇಷ್ಟೇ, ಅಂಗಿಯ ಯಾವ ಜೇಬಿನಲ್ಲಿ ಬೀಡಿ ಇರುತ್ತಿತ್ತೋ ಅದೇ ಜೇಬಿನಲ್ಲಿ ತುಳಸಿ ಮಾಲೆ ಇಟ್ಟುಕೊಂಡರು. ಕೈ ಹಳೇ ಅಭ್ಯಾಸದಲ್ಲಿ ಜೇಬಿಗೆ ಹೋಗುತ್ತಿತ್ತು, ಮಣಿ ಸಿಗುತ್ತಿತ್ತು, ಶಾಯಿ ಮೆತ್ತಿದ ಬೆರಳಲ್ಲೇ ಎಣಿಸಲು ಶುರು. ಮಾಲೆ ಎಷ್ಟು ಕಪ್ಪಾಗಿತ್ತೆಂದರೆ ಅದು ತುಳಸಿಯದು ಅಂತ ಅವರೇ ಹೇಳಬೇಕಿತ್ತು. ನಡುವೆ ಜಾರಿದರು, ಮತ್ತೆ ಸೇದಿದರು, ಆದರೆ ಮಾಲೆಯನ್ನು ಜೇಬಿನಿಂದ ತೆಗೆಯಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಬೀಡಿ ಹೋಯಿತು. ಇದನ್ನು ಪವಾಡ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನುಷ್ಯ ಅಷ್ಟು ದುಡಿದಿದ್ದಾನೆ, ಹೆಸರು ಮಾತ್ರ ಪವಾಡಕ್ಕೆ!

ಇನ್ನು ಇದೆಲ್ಲ ಬರೀ ನಂಬಿಕೆ ಅನ್ನುವವರಿಗೂ ಒಂದು ಮಾತು. 2001ರಲ್ಲಿ ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಜನರನ್ನು ಕೂರಿಸಿ, ಕ್ರೈಸ್ತರ ಜಪಸರದ ಪ್ರಾರ್ಥನೆ ಮತ್ತು 'ಓಂ ಮಣಿ ಪದ್ಮೇ ಹೂಂ' ಎರಡನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಹೃದಯದ ಲಯ ಹದಕ್ಕೆ ಬಂತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಓಂಕಾರ ಹೇಳಿಸಿದಾಗ, ಮಿದುಳಲ್ಲಿ ಭಯ, ಉದ್ವೇಗದ ಜಾಗಗಳು ತಣ್ಣಗಾದದ್ದು ಕಂಡಿತು. ಬರೀ 'ಸ್ಸ್ಸ್' ಅಂದಾಗ ಹಾಗಾಗಲಿಲ್ಲ. ಚಿಕ್ಕ ಅಧ್ಯಯನ, 12 ಜನ. ಚಟ ಹೋಯಿತು ಅಂತ ಎರಡರಲ್ಲೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಉಸಿರು ಏರುಪೇರಾಗುವ ಹೊತ್ತಿಗೆ ಉಸಿರನ್ನು ನಿಧಾನ ಮಾಡುವ ಒಂದು ಉಪಾಯ ಕೈಯಲ್ಲಿದೆಯಲ್ಲ, ನನಗೆ ಅದು ಸಾಕು.

ಈಗ ಆ 11,000ದ ಗುಟ್ಟು. ಮೇಲುಕೋಟೆಗೆ ಹೋದವರಿಗೆಲ್ಲ ರಾಮಾನುಜರು ಗೊತ್ತು. ತಿರುಕೋಷ್ಟಿಯೂರಿನ ಗುರುವಿನ ಹತ್ತಿರ ಹದಿನೆಂಟು ಸಲ ಅಲೆದು, ಯಾರಿಗೂ ಹೇಳಬೇಡ ಎಂಬ ಷರತ್ತಿನ ಮೇಲೆ ಅಷ್ಟಾಕ್ಷರಿ ಮಂತ್ರ ಪಡೆದ ಅವರು, ಗುಡಿಯ ಗೋಪುರ ಹತ್ತಿ ಊರಿಗೆಲ್ಲ ಕೂಗಿ ಹೇಳಿಬಿಟ್ಟರಂತೆ. ನಾನೊಬ್ಬ ನರಕಕ್ಕೆ ಹೋದರೂ ಇಷ್ಟು ಜನ ಬದುಕುತ್ತಾರಲ್ಲ ಅಂದರು ಅನ್ನುವುದು ಐತಿಹ್ಯ. ಅತ್ತ ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಎಂಬ ಹೃದ್ರೋಗ ತಜ್ಞರು ಮಹರ್ಷಿ ಮಹೇಶ ಯೋಗಿಗಳ ಶಿಷ್ಯರನ್ನು ಪರೀಕ್ಷಿಸಿ, ಗುಟ್ಟಿನ ಮಂತ್ರವೇ ಬೇಕಂತಿಲ್ಲ, 'ಒನ್' ಅಂತ ಮನಸ್ಸಲ್ಲಿ ಹೇಳಿಕೊಂಡರೂ ಮೈ ಹಗುರಾಗುತ್ತದೆ ಅಂದರು, ಅದೂ 1970ರ ದಶಕದಲ್ಲೇ. ಗುರುವಿನಿಂದ ಉಪದೇಶ ಪಡೆಯುವ ಪದ್ಧತಿಗೆ ನಾನು ಕೈ ಮುಗಿಯುತ್ತೇನೆ. ಗುರು ರಸೀದಿ ಪುಸ್ತಕ ತೆಗೆದರೆ ಮುಗಿದ ಕೈ ಇಳಿಸುತ್ತೇನೆ.

ಇವತ್ತು ಮಂತ್ರಕ್ಕೆ ಬಂದಿರುವ ಗತಿ ನೋಡಿ. ಸೂರ್ಯನಿಂದ ಓಂಕಾರ ಬರುವುದನ್ನು ನಾಸಾ ರೆಕಾರ್ಡ್ ಮಾಡಿದೆ ಎಂಬ ಸುಳ್ಳು ವಿಡಿಯೋವನ್ನು ಪದವಿ ಪಡೆದವರೇ ನನಗೆ ಕಳಿಸುತ್ತಾರೆ. ಓಂಕಾರಕ್ಕೆ ನಾಸಾದ ಸರ್ಟಿಫಿಕೇಟು ಯಾಕೆ ಬೇಕು? ಗಾಯತ್ರಿ ಮಂತ್ರ ರಿಂಗ್‌ಟೋನಾಗಿದೆ, 'ಭರ್ಗೋ ದೇ' ಅನ್ನುವಷ್ಟರಲ್ಲಿ ಫೋನ್ ಎತ್ತಿ "ಹಾಂ, ಲೋಡು ಬಂತಾ?" ಅಂತಾರೆ. ನಮ್ಮ ಬೀದಿ ತುದಿಯ ಬೀಡಾ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯೊಂದು ಬೆಳಗಿಂದ ರಾತ್ರಿವರೆಗೆ 'ಓಂ ನಮಃ ಶಿವಾಯ' ಹೇಳುತ್ತಿರುತ್ತದೆ. ಅಂಗಡಿಯವರ ಬಾಯಿಗೆ ಪುರುಸೊತ್ತಿಲ್ಲ, ಅದರ ತುಂಬ ಜರ್ದಾ. ಜಪಕ್ಕೆ ಯಂತ್ರ, ಚಟಕ್ಕೆ ಮನುಷ್ಯ! ನಿಮ್ಮ ಆ್ಯಪ್ ಕೂಡ ಅದೇ ಡಬ್ಬಿಯ ಮೊಮ್ಮಗು. ಅಳಿಸಿಹಾಕಿ.

ಯಾವ ಮಂತ್ರ ಅಂತ ಕೇಳಿದ್ದೀರಿ. ಮನೆದೇವರ ಹೆಸರೇ ಆದೀತು, ಪಂಚಾಕ್ಷರಿ ಆದೀತು, ಬರೀ ಓಂ ಕೂಡ ಆದೀತು. ಆರಿಸಿದ ಮೇಲೆ ಬದಲಾಯಿಸಬೇಡಿ. ಗಟ್ಟಿಯಾಗಿ ಹೇಳಿದರೆ ಆಫೀಸಿನಲ್ಲಿ ತಿರುಗಿ ನೋಡುತ್ತಾರೆ, ಮನಸ್ಸಲ್ಲೇ ಅಂದರೆ ಎರಡನೇ ಮಣಿಗೆ ಸಂಬಳದ ಯೋಚನೆ ಬರುತ್ತದೆ. ಹೊಸಬರಿಗೆ ಉಪಾಂಶುವೇ ಸರಿ, ಬರೀ ತುಟಿ ಆಡಿಸುವುದು, ಉಸಿರು ಬಿಡುತ್ತಾ ಒಂದೊಂದೇ ಸಲ. ಯಾವ್ಯಾವ ಹೊತ್ತಿಗೆ, ಯಾರ ಜೊತೆ ಇದ್ದಾಗ ಆಸೆ ಏಳುತ್ತದೆ ಅಂತ ಒಂದು ವಾರ ಚೀಟಿಯಲ್ಲಿ ಬರೆದಿಡಿ, ಜಪವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ಜಾರಿದ ದಿನ ಗುಟ್ಕಾ ಬಾಯಲ್ಲಿದ್ದರೆ ಉಗಿದು, ಬಾಯಿ ಮುಕ್ಕಳಿಸಿ, ಅವತ್ತೂ ಮಾಡಿ.

ದೀಪಾವಳಿ ಹೊತ್ತಿಗೆ ಒಂದು ಕಾರ್ಡು ಹಾಕಿ. ಬಿಟ್ಟಿದ್ದರೂ ಹಾಕಿ, ಬಿಡದಿದ್ದರೂ ಹಾಕಿ.