ಜಾಝ್ ಮತ್ತು ಚೇಂಬರ್ ಸಂಗೀತ ಒಟ್ಟಿಗೆ ಹೇಗೆ ಸಾಗುತ್ತವೆ?

ಚೇಂಬರ್ ಸಂಗೀತದವರು, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚಿಕ್ಕ ತಂಡದವರು, ಬರೆದದ್ದನ್ನೇ ನುಡಿಸುತ್ತಾರೆ, ಜಾಝ್‌ನವರು ಅಲ್ಲೇ ಹುಟ್ಟಿಸಿಕೊಂಡು ನುಡಿಸುತ್ತಾರೆ. ಇವೆರಡೂ ಕೂಡುವುದು ಕೆಲಸ ಹಂಚಿಕೊಂಡು. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ಇನ್ನೂ ದೊಡ್ಡದಾದ ಚೆಲ್ಲೋ ಇರುವ ತಂಡಕ್ಕೆ ಹೆಚ್ಚಾಗಿ ಸ್ವರಗಳನ್ನೆಲ್ಲ ಬರೆದುಕೊಟ್ಟಿರುತ್ತಾರೆ. ಪಿಯಾನೋದವರ ಹಾಳೆಯಲ್ಲಿ ಮಾತ್ರ ಕೆಲವು ಕಡೆ ಬರೀ ಕಾರ್ಡ್‌ಗಳ ಗುರುತು, ಅಂದರೆ ಯಾವ ಸ್ವರಗಳು ಒಟ್ಟಿಗೆ ನುಡಿಯಬೇಕು ಅನ್ನುವ ಸೂಚನೆ ಇರುತ್ತದೆ. ಎಲ್ಲರೂ ಅದೇ ಕಾರ್ಡ್‌ಗಳ ಸಾಲು ಹಿಡಿದು ಹೋಗುತ್ತಾರೆ. ಹಾಗಾಗಿ ಒಬ್ಬರು ಮನೋಧರ್ಮಕ್ಕೆ ಇಳಿದರೂ ಹಾಳೆ ನೋಡುವವರ ಜತೆ ಕೂಡಿಕೊಳ್ಳುತ್ತದೆ. ಕೃತಿಯೂ ಕಲ್ಪನಾಸ್ವರವೂ ಒಂದೇ ಹೊತ್ತಿಗೆ ನಡೆದ ಹಾಗೆ ಅಂದುಕೊಳ್ಳಿ.

ಜಾಝ್ ಪಿಯಾನೋ ವಾದಕ ಫ್ರೆಡ್ ಹರ್ಶ್ ಅವರ 2022ರ ಆಲ್ಬಮ್ ‘ಬ್ರೆತ್ ಬೈ ಬ್ರೆತ್’ ಕೇಳಿ ನೋಡಿ: ಪಿಯಾನೋ, ಬಾಸ್, ಡ್ರಮ್ಸ್, ಜತೆಗೆ ತಂತಿವಾದ್ಯದ ನಾಲ್ವರು.

ನನ್ನ ಪ್ರಕಾರ ನಿಜವಾದ ತಲೆನೋವು ಸದ್ದಿನದು. ಡ್ರಮ್ಸ್ ಜೋರಾದರೆ ವಿಯೋಲಾ ಮುಳುಗಿಯೇ ಹೋಗುತ್ತದೆ, ಅಲ್ವಾ? ಅದಕ್ಕೇ ಡ್ರಮರ್ ಕೋಲು ಬಿಟ್ಟು ಮೆತ್ತಗಿನ ಬ್ರಶ್ ಹಿಡಿಯುವುದುಂಟು. ಕೆಲವರು ಡ್ರಮ್ಸನ್ನೇ ಕೈಬಿಡುತ್ತಾರೆ. ಇನ್ನೊಬ್ಬ ಜಾಝ್ ಪಿಯಾನೋ ವಾದಕ ವಿಜಯ್ ಅಯ್ಯರ್ ಅವರ ‘ಮ್ಯುಟೇಶನ್ಸ್’ ಕೃತಿ ತಂತಿವಾದ್ಯದ ನಾಲ್ವರು, ಪಿಯಾನೋ ಮತ್ತು ಎಲೆಕ್ಟ್ರಾನಿಕ್ಸ್‌ಗಾಗಿಯೇ ಬರೆದದ್ದು. ಡ್ರಮ್ಸ್ ಇಲ್ಲದ ತಂಡಗಳಲ್ಲಿ ನಡೆ ಹಿಡಿಯುವ ಹೊಣೆ ಚೆಲ್ಲೋ ಪಾಲಿಗೂ ಬರುತ್ತದೆ, ಕಮಾನು ಬದಿಗಿಟ್ಟು ಬೆರಳಲ್ಲಿ ಮೀಟುತ್ತಾ.