ಕಣ್ಣು ಮುಚ್ಚಿದರೆ ಓಲಾಡುವ ತಮ್ಮ

ಪ್ರಶ್ನೆ: ತಮ್ಮನಿಗೆ 18 ವರ್ಷ, ದ್ವಿತೀಯ ಪಿಯುಸಿ. ಆರು ತಿಂಗಳಿಂದ ಕೋಣೆ ಬಿಟ್ಟು ಬರುವುದೇ ಕಡಿಮೆ. ಕ್ಲಾಸಿನವರೆಲ್ಲ ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ ಅನ್ನುತ್ತಾನೆ. ಯಾರೋ ಹೆಸರು ಹಿಡಿದು ಕರೆದಂತಾಗುತ್ತದಂತೆ. ಕಣ್ಣು ಮುಚ್ಚಿ ನಿಂತಾಗ ಓಲಾಡಿದರೆ ಸೈಕೋಸಿಸ್‌ನ (ಇಲ್ಲದ ದನಿ ಕೇಳಿಸುವ, ಆಧಾರವಿಲ್ಲದ ಅನುಮಾನ ಗಟ್ಟಿಯಾಗುವ ಮನೋರೋಗದ) ಮುನ್ಸೂಚನೆ ಎಂದು ಓದಿ ಅವನನ್ನು ನಿಲ್ಲಿಸಿ ನೋಡಿದೆವು. ಓಲಾಡಿದ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಪಾದ ಜೋಡಿಸಿ ಕಣ್ಣು ಮುಚ್ಚಿದರೆ ಆರೋಗ್ಯವಂತರೂ ತುಸು ಓಲಾಡುತ್ತಾರೆ. ದಯವಿಟ್ಟು ಮನೆಯಲ್ಲಿ ಇದನ್ನು ಮತ್ತೆ ಮಾಡಿಸಬೇಡಿ. ಎಲ್ಲರೂ ತನ್ನನ್ನೇ ಗಮನಿಸುತ್ತಾರೆ ಎಂದು ಹೆದರಿರುವ ಹುಡುಗನನ್ನು ಮನೆಯವರೂ ಸುತ್ತ ನಿಂತು ನೋಡಿದರೆ ಅನುಮಾನ ಗಟ್ಟಿಯಾಗುತ್ತದೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ನಿಲುವು, ಚಲನೆಯ ಲಯ ನೋಡಿಕೊಳ್ಳುವ ಕಿರುಮೆದುಳಿಗೆ, ಮೆದುಳಿನ ನಡುಭಾಗದಲ್ಲಿರುವ ಥಲಾಮಸ್ ಮೂಲಕ ಯೋಚನೆಯ ಭಾಗಗಳ ಜೊತೆಗೂ ನಂಟಿದೆ. ಅಮೆರಿಕದ ಮನೋವಿಜ್ಞಾನಿ ವಿಜಯ್ ಮಿತ್ತಲ್ ಅವರ ತಂಡ ಸೈಕೋಸಿಸ್‌ನ ಅಪಾಯದಂಚಿನಲ್ಲಿರುವ ಎಳೆಯರನ್ನು ಒತ್ತಡ ಅಳೆಯುವ ಹಲಗೆಯ ಮೇಲೆ ನಿಲ್ಲಿಸಿದಾಗ ಓಲಾಟ ಹೆಚ್ಚೇ ಕಂಡಿತ್ತು. ಆದರೆ ಅದು ಗುಂಪಿನ ಸರಾಸರಿ. ಅದನ್ನು ಹಿಡಿದು ಒಬ್ಬ ಹುಡುಗನ ಮುಂದಿನ ದಿನಗಳನ್ನು ಹೇಳಲಾಗದು.

ಮನೋವೈದ್ಯರು ಒಂದೇ ಗುರುತನ್ನು ನೆಚ್ಚುವುದಿಲ್ಲ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಸುತ್ತಾರೆ. ಮುಷ್ಟಿ, ಅಂಗೈಯ ಅಂಚು, ಅಂಗೈ – ಈ ಮೂರನ್ನು ಒಂದರ ಹಿಂದೊಂದು ಮೇಜಿನ ಮೇಲೆ ಇಡಿಸುತ್ತಾರೆ. ಕ್ರಮ ತಪ್ಪುತ್ತದೆಯೇ, ಲಯ ಮುರಿಯುತ್ತದೆಯೇ, ಸುಮ್ಮನಿರಬೇಕಾದ ಇನ್ನೊಂದು ಕೈಯೂ ತಾನಾಗಿ ಆಡುತ್ತದೆಯೇ ಎಂದು ನೋಡುವುದು. ಮಾತ್ರೆ ಶುರುವಾಗುವ ಮುನ್ನವೇ ಇದನ್ನು ದಾಖಲಿಸಬೇಕು. ಸೈಕೋಸಿಸ್‌ನ ಔಷಧಗಳೇ ನಡುಕ, ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ ತರಬಲ್ಲವು. ಆಮೇಲೆ ಯಾವುದು ಮೊದಲಿನದೆಂದು ತಿಳಿಯುವುದು ಕಷ್ಟ.

ಬಿ12 ಕೊರತೆ, ಕಿವಿಯ ತೊಂದರೆ, ಗಾಂಜಾ, ಕುಡಿತ ಇವುಗಳಿಂದಲೂ ನಡಿಗೆ ತಪ್ಪುತ್ತದೆ. ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆ ಇದೇ ವಯಸ್ಸಿನಲ್ಲಿ ಮನಸ್ಸನ್ನೂ ಚಲನೆಯನ್ನೂ ಕೆಡಿಸಬಲ್ಲದು. ನಡುಕವೋ ತೊದಲೋ ಇದ್ದರೆ ಸೆರುಲೋಪ್ಲಾಸ್ಮಿನ್ (ತಾಮ್ರ ಹೊತ್ತೊಯ್ಯುವ ಪ್ರೋಟೀನ್) ರಕ್ತಪರೀಕ್ಷೆ, ಕಣ್ಣಿನ ತಪಾಸಣೆಯ ಬಗ್ಗೆ ನೀವೇ ಕೇಳಿ.

ನಮಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆ ಕರೆಯುವ ಧ್ವನಿ ಮತ್ತು ಅನುಮಾನ. ಅವು ಯಾವಾಗ ಶುರುವಾದವು, ವಾರಕ್ಕೆ ಎಷ್ಟು ಸಲ, ನಿದ್ದೆ ಹೇಗಿದೆ, ಅಂಕ ಎಷ್ಟು ಇಳಿದಿದೆ ಎಂದು ಬರೆದುಕೊಂಡು ಈ ವಾರವೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ‘ನಿನಗೆ ಹುಚ್ಚು’ ಎಂಬ ಮಾತು ಬೇಡ; ‘ನಿದ್ದೆ ಸರಿಯಿಲ್ಲ, ತೋರಿಸೋಣ ಬಾ’ ಅನ್ನಿ. ಅಪಾಯದಂಚಿನವರು ಎಂದು ತಜ್ಞರು ಗುರುತಿಸಿದವರಲ್ಲೂ 2 ವರ್ಷದೊಳಗೆ ಸೈಕೋಸಿಸ್ ಕಾಣಿಸಿಕೊಳ್ಳುವುದು ಸುಮಾರು ಐವರಲ್ಲಿ ಒಬ್ಬರಿಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಜ್ವರ, ಫಿಟ್ಸ್, ದಿಢೀರ್ ಗೊಂದಲ ಅಥವಾ ಸಾಯುವ ಮಾತು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.