ಗೋಣಿಕೊಪ್ಪದಿಂದ ಆಯಿಲ್ ರಿಗ್ ಕೆಲಸಕ್ಕೆ ಅರ್ಜಿ: ಯಾಕೆ ಉತ್ತರ ಬರ್ತಿಲ್ಲ?

ಡಿಪ್ಲೊಮಾ ಮುಗಿಸಿ, ಸಮುದ್ರದಲ್ಲಿ ತೈಲ ತೆಗೆಯುವ ರಿಗ್‌ಗಳ ಕೆಲಸಕ್ಕೆ ಇಪ್ಪತ್ತು ಅರ್ಜಿ ಹಾಕಿದರೂ ಉತ್ತರ ಬಂದಿಲ್ಲ, ಏಜೆಂಟೊಬ್ಬರು ಗಲ್ಫ್‌ಗೆ ಕಳಿಸಲು 2 ಲಕ್ಷ ಕೇಳುತ್ತಿದ್ದಾರೆ ಎಂದು ಕೇಳಿದ್ದೀರಿ. ತೊಂದರೆ ಬಹುಶಃ ನಿಮ್ಮ ಡಿಪ್ಲೊಮಾದ್ದಲ್ಲ, ಬೋಸಿಯೆಟ್ (ರಿಗ್‌ಗೆ ಹೋಗುವವರ ಮೂಲ ಸುರಕ್ಷತಾ ತರಬೇತಿ) ಸರ್ಟಿಫಿಕೇಟ್ ಇಲ್ಲದ್ದು. ಮೊದಲು ಆಫ್‌ಶೋರ್ ಮೆಡಿಕಲ್, ಅಂದರೆ ಸಮುದ್ರದಲ್ಲಿ ಕೆಲಸ ಮಾಡಲು ಬೇಕಾದ ಆರೋಗ್ಯ ತಪಾಸಣೆ ಮಾಡಿಸಿ. ಅದರಲ್ಲಿ ಫೇಲಾದರೆ ಕೋರ್ಸಿನ ದುಡ್ಡು ಸುಮ್ನೆ ಹಾಳು. ಆಮೇಲೆ ಒಪಿಟೊ (ಈ ತರಬೇತಿಯ ಮಟ್ಟ ನಿಗದಿ ಮಾಡುವ ಸಂಸ್ಥೆ) ಮಾನ್ಯತೆ ಇರುವ ಕೇಂದ್ರದಲ್ಲೇ ಬೋಸಿಯೆಟ್ ಮಾಡಿ, ಸರ್ಟಿಫಿಕೇಟ್ 4 ವರ್ಷ ನಡೆಯುತ್ತದೆ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಪಾರಾಗುವುದನ್ನು ಕಲಿಸಲು, ಅದರ ಮಾದರಿಯೊಂದರಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ನೀರೊಳಗೆ ತಲೆಕೆಳಗು ಮಾಡುತ್ತಾರೆ. ಕಾವೇರಿಯಲ್ಲಿ ಈಜಿ ಬೆಳೆದ ನನಗೇ ಮೂಗಿಗೆಲ್ಲ ನೀರು ಹೋಗಿತ್ತು!

ರೆಸ್ಯೂಮೆಯ ಮೊದಲ ಸಾಲಿನಲ್ಲೇ ಮೆಡಿಕಲ್, ಬೋಸಿಯೆಟ್ ಎರಡನ್ನೂ ಅವಧಿ ಸಮೇತ ಬರೆಯಿರಿ. ಕಾಫಿ ಪಲ್ಪರ್, ಪಂಪ್‌ಸೆಟ್ ರಿಪೇರಿ ಮಾಡಿದ್ದನ್ನೂ ಸೇರಿಸಿ, ಅದೂ ಅನುಭವವೇ ಅಲ್ವಾ.

ಆ ಏಜೆಂಟ್‌ಗೆ 2 ಲಕ್ಷ ಈಗಲೇ ಕೊಡಬೇಡಿ. ಕಾನೂನು ಪ್ರಕಾರ ಅವರ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ, ಅಷ್ಟೇ. ಅವರ ನೋಂದಣಿ ಸಂಖ್ಯೆ ಕೇಳಿ, ವಿದೇಶಿ ಕೆಲಸಕ್ಕೆ ಕಳಿಸುವ ಏಜೆಂಟರ ವಿವರ ಇರುವ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ಸಿಗದಿದ್ದರೆ ಆ ಏಜೆಂಟನ್ನು ಬಿಟ್ಟುಬಿಡಿ.